ಧೂಳು ಯಾರ ಮುಖಕ್ಕೆ?

ಹೋದ ತಿಂಗಳು ವ್ಯಾಕ್ಯೂಮ್ ಕ್ಲೀನರ್ ಕೊಳ್ಳೋಕೆ ಅಂತ ಒಂದು ಎಕ್ಸೆಲ್ ಶೀಟ್ ಮಾಡಿದೆ. ಇಂಜಿನಿಯರ್ ಬುದ್ಧಿ, ಎಲ್ಲಿ ಬಿಡುತ್ತೆ! ಒಂದು ಕಡೆ ಜರ್ಮನಿಯ ಮೀಲೆ, ಸೇಬೋ. ಇನ್ನೊಂದು ಕಡೆ ಡೈಸನ್. ಮೀಲೆಯವರು 20 ವರ್ಷದ ಬಳಕೆ ಲೆಕ್ಕ ಹಾಕಿ ಪರೀಕ್ಷೆ ಮಾಡ್ತಾರೆ. ಜೇಮ್ಸ್ ಡೈಸನ್ 5127 ಮಾದರಿ ಮಾಡಿ ನೋಡಿದ ಮೇಲೆ ಚೀಲವಿಲ್ಲದ ಯಂತ್ರ ತಂದವರು. ಚೀಲದ ಖರ್ಚು ಉಳಿಯುತ್ತಲ್ಲ ಅಂತ ಚೀಲವಿಲ್ಲದ್ದಕ್ಕೇ ಹೆಚ್ಚು ಅಂಕ ಕೊಟ್ಟೆ.

ಅಷ್ಟರಲ್ಲಿ ಮನೆಗೆಲಸದ ಅಕ್ಕ ನಮ್ಮ ಹಳೇ ಯಂತ್ರದ ಡಬ್ಬಿ ಖಾಲಿ ಮಾಡೋಕೆ ಹೊರಟರು. ಸೆರಗನ್ನು ಮೂಗಿಗೆ ಒತ್ತಿ, ಮುಖ ತಿರುಗಿಸಿ ಕೊಡವಿದರು. ಧೂಳು ಮೇಲೆದ್ದಿತು. ಕೆಮ್ಮುತ್ತಲೇ ಕೇಳಿದರು: "ಹೊಸದೂ ಹಿಂಗೇನಾ ಅಣ್ಣ?"

ಊರಲ್ಲಿ ಅವ್ವ ರಾಗಿ ತೂರುವಾಗ ಗಾಳಿಯ ದಿಕ್ಕು ನೋಡಿ ನಿಲ್ಲುತ್ತಿದ್ದಳು. ತೂರೋಳೂ ಅವಳೇ, ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸೋಳೂ ಅವಳೇ. ನಮ್ಮನೇಲಿ ಮಾತ್ರ ಆರಿಸೋನು ನಾನು, ಕೆಮ್ಮೋರು ಅವರು. ನಾನು ಉಳಿಸಬೇಕು ಅಂದುಕೊಂಡ ದುಡ್ಡು ಅವರ ಎದೆಯಿಂದ ಬರ್ತಿತ್ತು.

ಕೊನೆಗೆ ಮೀಲೆ ತಗೊಂಡೆ. ಮುಚ್ಚಳ ತೆಗೆದರೆ ಚೀಲದ ಬಾಯಿ ತಾನಾಗೇ ಮುಚ್ಚಿಕೊಳ್ಳುತ್ತೆ. ಇದೇನು ದೊಡ್ಡ ನ್ಯಾಯವಲ್ಲ, ಅವರ ಸಂಬಳದ ಪ್ರಶ್ನೆ ಹಾಗೇ ಇದೆ. ಆದರೆ ಒಂದು ಮಾತು ಅರ್ಥವಾಯ್ತು: ವಸ್ತು ಚೆನ್ನಾಗಿದೆ ಅನ್ನೋ ಮೊದಲು "ಯಾರಿಗೆ?" ಅಂತ ಕೇಳಬೇಕು. ನನ್ನ ಶೀಟಲ್ಲಿ 14 ಕಾಲಂ ಇದ್ದವು. ಬಳಸೋರನ್ನ ಕೇಳೋ ಕಾಲಂ ಒಂದೂ ಇರಲಿಲ್ಲ.