ಮಾತ್ರೆ ಬಿಡುವ ಮುನ್ನ


ಇಂದಿನ ಧಮ್ಮ ಚಿಂತನೆ



ಹೋದ ಭಾನುವಾರ ಧ್ಯಾನ ಮುಗಿದ ಮೇಲೆ ಶ್ರೀನಿವಾಸಪುರದ ಕಡೆಯ ಒಬ್ಬ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. "ಅಣ್ಣಾ, ನಂಗೆ ಫಿಟ್ಸ್ ಬರದೇ ಮೂರು ವರ್ಷ ಆಯ್ತು. ದಿನಾ ಆನಾಪಾನ ಮಾಡ್ತಿದ್ದೀನಿ. ಇನ್ನು ಮಾತ್ರೆ ಯಾಕೆ? ಅದೂ ಮಂಪರು ಬರಿಸೋದೇ ಅಲ್ವಾ, ಐದನೇ ಶೀಲ ಮುರಿದ ಹಾಗಾಗಲ್ವಾ?" ಎಂದ. ಮಾತಾಡುತ್ತಾ ಗೊತ್ತಾಯಿತು, ಅವನು ಆಗಲೇ ಮಾತ್ರೆ ಬಿಟ್ಟು ನಾಲ್ಕು ದಿನ. ನಿದ್ದೆಯಿಲ್ಲ, ಕೈ ನಡುಗುತ್ತಿದೆ, ಅಮ್ಮನ ಮೇಲೆ ರೇಗಾಡಿದ್ದಾನೆ. ಇದೆಲ್ಲ ಮಾರನ ಕಾಟ ಎಂದುಕೊಂಡು ಇನ್ನೂ ಹೆಚ್ಚು ಹೊತ್ತು ಧ್ಯಾನಕ್ಕೆ ಕೂತಿದ್ದಾನೆ!

ಅದು ಮಾರ ಅಲ್ಲ. ಅವನು ನುಂಗುತ್ತಿದ್ದದ್ದು ಗಾರ್ಡಿನಾಲ್, ಅಂದರೆ ಫಿನೋಬಾರ್ಬಿಟೋನ್. ವರ್ಷಗಟ್ಟಲೆ ತೆಗೆದುಕೊಂಡರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದನ್ನು ಆಧರಿಸಿ ಇನ್ನೊಂದು ನಿಂತಿರುತ್ತದೆ ಎಂದು ಪಟಿಚ್ಚಸಮುಪ್ಪಾದದಲ್ಲಿ ಓದುತ್ತೇವಲ್ಲ, ಹಾಗೆ. ಆಧಾರವನ್ನು ಏಕಾಏಕಿ ಎಳೆದರೆ ನಿದ್ದೆಗೇಡು, ನಡುಕ, ಭಯ; ಕೆಲವರಿಗೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ. ಅಲ್ಲಿಂದಲೇ ಅವನ ಡಾಕ್ಟರಿಗೆ ಫೋನ್ ಮಾಡಿಸಿದೆವು. ಅವರು ಹೇಳಿದಂತೆ ಮಾತ್ರೆ ಮತ್ತೆ ಶುರುವಾಗಿದೆ.

ಶೀಲದ ಪ್ರಶ್ನೆಗೆ ಬರೋಣ. ಐದನೇ ಶೀಲ ಎಚ್ಚರ ತಪ್ಪಿಸುವ ಮದ್ಯಪಾನದ ಬಗ್ಗೆ ಹೇಳುತ್ತದೆ. ಈ ಮಾತ್ರೆ ಎಚ್ಚರ ಉಳಿಸುವುದಕ್ಕೆ ಇರುವುದು. ವಿನಯಪಿಟಕದ ಮಹಾವಗ್ಗದಲ್ಲಿ ಔಷಧಗಳಿಗೇ ಒಂದು ಅಧ್ಯಾಯವಿದೆ. ಸಂಘಕ್ಕೆ ಜೀವಕನೆಂಬ ವೈದ್ಯನಿದ್ದ. ಎಂಥ ರೋಗಿಯ ಆರೈಕೆ ಸುಲಭ ಎಂದು ಭಗವಾನರು ಹೇಳುವಾಗ ಎಣಿಸಿದ ಗುಣಗಳಲ್ಲಿ ಮೂರು ನಮಗೆ ಬೇಕಾದವು: ಔಷಧ ಸೇವಿಸುವುದು, ಅಳತೆ ಅರಿತಿರುವುದು, ಆರೈಕೆ ಮಾಡುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಬಾಬಾಸಾಹೇಬರೂ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರೇ. ತಾಯತ ಕಿತ್ತೆಸೆದು ಬಂದ ನಾವು ಧ್ಯಾನವನ್ನೇ ತಾಯತ ಮಾಡಿಕೊಂಡರೆ ಏನು ಬಂತು?

ಹಾಗಾದರೆ ಜೀವನಪೂರ್ತಿ ನುಂಗಬೇಕಾ? ಎಲ್ಲರೂ ಅಲ್ಲ. ಎರಡು ವರ್ಷ ಫಿಟ್ಸ್ ಬರದಿದ್ದರೆ ಡಾಕ್ಟರನ್ನು ಧೈರ್ಯವಾಗಿ ಕೇಳಬಹುದು. ಕಾಯಿಲೆಯ ಬಗೆ ನೋಡಿ, ಇಇಜಿ ನೋಡಿ, ಅವರು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಇಂಥ 1,013 ಜನರ ಮೇಲೆ ನಡೆದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ, ನಿಧಾನವಾಗಿ ಬಿಟ್ಟವರಲ್ಲಿ ನೂರಕ್ಕೆ 59 ಜನರಿಗೆ ಫಿಟ್ಸ್ ಬಂದಿರಲಿಲ್ಲ. ಮುಂದುವರಿಸಿದವರಲ್ಲಿ 78 ಜನರಿಗೆ. ಆಸೆಯೂ ಇದೆ, ಅಪಾಯವೂ ಇದೆ. ಮತ್ತೆ ಮಾತ್ರೆ ಶುರುಮಾಡಬೇಕಾಗಿ ಬಂದರೆ ಅದು ಸೋಲಲ್ಲ, ಸಾಧನೆ ಸಾಲದು ಎಂದು ಯಾರೂ ಅನ್ನಬೇಡಿ.

ಇಳಿಸುವ ತಿಂಗಳುಗಳಲ್ಲಿ ಮಾವಿನ ಮರ ಹತ್ತಬಾರದು. ಮಾಲೂರಿನ ಇಟ್ಟಿಗೆ ಗೂಡಿನ ಬೆಂಕಿ ಹತ್ತಿರ ಕೆಲಸ ಬೇಡ. ಬೈಕ್ ಬೇಡ, ಒಬ್ಬರೇ ಕೆರೆಗೆ ಇಳಿಯುವುದು ಬೇಡ. ನಿದ್ದೆ ಕೆಡಿಸಿಕೊಂಡು ಶಿಬಿರಕ್ಕೆ ಕೂರುವುದೂ ಬೇಡ. ಕೂಲಿಯವರಿಗೆ ಇದು ಸುಲಭದ ಮಾತಲ್ಲ, ಗೊತ್ತು. ಆ ಕಾಲದಲ್ಲಿ ಬೇರೆ ಕೆಲಸ ಹುಡುಕಿಕೊಡುವುದು ಬಳಗದ ಜವಾಬ್ದಾರಿ.

ಫಿಟ್ಸ್ ಬಂದರೆ ಬೀಗದ ಕೈ, ಈರುಳ್ಳಿ ಹುಡುಕಬೇಡಿ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.

ಇನ್ನೊಂದು ಮಾತು, ಹೆಣ್ಣುಮಕ್ಕಳ ತಂದೆತಾಯಿಯರಿಗೆ. ಮದುವೆ ಮಾತು ಬಂದಾಗ ಮಾತ್ರೆ ಬಚ್ಚಿಟ್ಟು, ಆಮೇಲೆ ಬಿಡಿಸಿಯೇಬಿಡುತ್ತಾರೆ. ಬೌದ್ಧರಿಗೂ ಅನ್ವಯಿಸುವ ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನು ಬಿಟ್ಟರೂ ನಾವು ಬಿಟ್ಟಿಲ್ಲ.

2022ರಲ್ಲಿ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆರಿಸಿದ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ ಒಂದು. ಆ ತಮ್ಮನನ್ನು ಕರೆದುಕೊಂಡು ಈ ವಾರ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ಹೋಗುತ್ತಿದ್ದೇವೆ, ಅವನ ಅಮ್ಮನೂ ಬರುತ್ತಾರೆ. ಮುಳಬಾಗಿಲು, ಮಾಲೂರು ಕಡೆಯವರು ಯಾರಾದರೂ ಬರುವುದಿದ್ದರೆ ಗ್ರೂಪಿನಲ್ಲಿ ಬೇಡ, ನನಗೊಬ್ಬನಿಗೇ ಮೆಸೇಜ್ ಹಾಕಿ. ಹಳೇ ಚೀಟಿ, ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ.

ಜೈ ಭೀಮ್ 🙏