ಕಾಯಕದೊಳಗಿನ ಕಾಯ

ಕಾಯಕವೆಂಬ ಮಾತನ್ನು ನಾವು ಅಭಿಮಾನದಿಂದ ಬಳಸುತ್ತೇವೆ. ಭಾಷಣಗಳಲ್ಲಿ, ಬಿನ್ನವತ್ತಳೆಗಳಲ್ಲಿ, ನಿವೃತ್ತರಾದವರನ್ನು ಸನ್ಮಾನಿಸುವ ಸಭೆಗಳಲ್ಲಿ ಅದು ಬಾರದೆ ಇರುವುದಿಲ್ಲ. ಆದರೆ ಆ ಮಾತಿನೊಳಗೇ ಇರುವ ಕಾಯ, ಅಂದರೆ ಮೈ, ನಮ್ಮ ಲಕ್ಷ್ಯಕ್ಕೆ ಬರುವುದು ಅಪರೂಪ. ದುಡಿಮೆಯನ್ನು ಪೂಜ್ಯವೆಂದು ಒಪ್ಪಿದ ಸಮಾಜವು ದುಡಿಯುವವರ ಬೆನ್ನಿಗೆ, ಮೊಣಕಾಲಿಗೆ, ಮಣಿಕಟ್ಟಿಗೆ ತಾನು ಏನಾದರೂ ಸಲ್ಲಿಸಬೇಕಾದ್ದುಂಟೇ? ಸೇಲಂ, ಧರ್ಮಪುರಿ ಸೀಮೆಯ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಾಗಿ ತೋರಬಾರದು. ಅದು ಗುಂಡಿಮಗ್ಗದ ಕಾಲದಿಂದಲೂ ನಮ್ಮ ಮನೆಗಳಲ್ಲಿ ಇದೆ.

ಸೇಲಂನ ದೇವಾಂಗ ಮನೆತನಗಳು ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೂ ಮಗ್ಗವನ್ನೂ ಕಾಪಾಡಿಕೊಂಡು ಬಂದಿವೆ. ಗುಂಡಿಮಗ್ಗದಲ್ಲಿ ನೇಕಾರನು ನೆಲದ ಮಟ್ಟಕ್ಕೆ ಕುಳಿತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ತುಳಿಮಣೆಯನ್ನು ಒತ್ತುತ್ತ, ಮುಂದಕ್ಕೆ ಬಾಗಿ ಲಾಳಿಯನ್ನು ಓಡಿಸುತ್ತಾನೆ. ನೆಲದ ತೇವ ಮೇಲೇರಿ ಹಾಸಿನ ನೂಲನ್ನು ಮೆದುವಾಗಿ ಇಡುತ್ತದೆ. ಒಣಗಿದ ನೂಲು ಬೇಗ ಕಡಿಯುತ್ತದೆ. ಬೇಸಿಗೆಯ ತಾಪ ೪೦ ಡಿಗ್ರಿಯ ಸಮೀಪಕ್ಕೆ ಏರುವ ಈ ನಾಡಿನಲ್ಲಿ ಅದು ಜಾಣತನದ ಏರ್ಪಾಡೇ ಸರಿ. ನೂಲಿನ ಕಡೆಯಿಂದ ನೋಡಿದರೆ ಗುಂಡಿಮಗ್ಗವೂ ಒಂದು ಬಗೆಯ ಹವಾನಿಯಂತ್ರಣ ಸಾಧನವೇ ಆಗಿದೆ. ಆದರೆ ಅದೇ ತೇವದಲ್ಲಿ ನೇಕಾರನ ಕಾಲುಗಳೂ ದಿನವಿಡೀ ಇರುತ್ತವೆ. ಮುಪ್ಪಿನಲ್ಲಿ ಸೊಂಟ ನೆಟ್ಟಗಾಗದ ಹಿರಿಯರನ್ನು ಮಗ್ಗದ ಕೇರಿಗಳಲ್ಲಿ ಕಾಣದವರಾರು? ಅದನ್ನು ವಯಸ್ಸಿನ ಸಹಜಧರ್ಮವೆಂದು ಎಲ್ಲರೂ, ಸ್ವತಃ ಆ ಹಿರಿಯರೂ, ಒಪ್ಪಿಕೊಂಡುಬಿಟ್ಟಿದ್ದರು.

ಯಂತ್ರದಿಂದ ಗಾಳಿಯನ್ನು ಹದಗೊಳಿಸುವ ವಿದ್ಯೆಯ ಚರಿತ್ರೆಯನ್ನು ತೆಗೆದು ನೋಡಿದರೂ ಇದೇ ಕಥೆ. ೧೯೦೨ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಅಮೆರಿಕದ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಇಂಥ ಏರ್ಪಾಡನ್ನು ರೂಪಿಸಿದನು. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಬಣ್ಣ ಅಚ್ಚಾಗುವಾಗ ಹೊಂದಿಕೆ ತಪ್ಪುತ್ತಿತ್ತು. ಸರಿಪಡಿಸಬೇಕಾಗಿದ್ದುದು ಕಾಗದದ ಸಂಕಟವನ್ನು. ೧೯೦೬ರಲ್ಲಿ ಸ್ಟುವರ್ಟ್ ಕ್ರ್ಯಾಮರ್ ಎಂಬ ಜವಳಿ ಎಂಜಿನಿಯರು ಏರ್ ಕಂಡೀಷನಿಂಗ್ ಎಂಬ ಹೆಸರನ್ನು ಬಳಕೆಗೆ ತಂದದ್ದೂ ಹತ್ತಿ ಗಿರಣಿಯ ನೂಲನ್ನು ಹದದಲ್ಲಿಡುವ ಸಂದರ್ಭದಲ್ಲಿಯೇ. ಅದಕ್ಕೂ ಮುಂಚೆ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ನೂಲು ಕಡಿಯದಿರಲೆಂದು ನೇಯುವ ಕೊಠಡಿಗಳಿಗೆ ಉಗಿಯನ್ನೇ ಬಿಡುತ್ತಿದ್ದರು. ನೂಲು ಉಳಿಯಿತು, ನೇಕಾರರು ಬೆವರಿನಲ್ಲಿ ಬೆಂದರು. ಕೊನೆಗೆ ೧೮೮೯ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ತೇವಕ್ಕೆ ಮಿತಿಯನ್ನು ಹಾಕಬೇಕಾಯಿತು. ಮನುಷ್ಯನ ಹಿತಕ್ಕಾಗಿ ಗಾಳಿಯನ್ನು ತಂಪು ಮಾಡುವ ಯೋಚನೆ ವ್ಯಾಪಕವಾದದ್ದು ಇವೆಲ್ಲದರ ನಂತರ, ಅದೂ ಮೊದಲಿಗೆ ಚಿತ್ರಮಂದಿರ, ಅಂಗಡಿಗಳ ಗಿರಾಕಿಗಳಿಗಾಗಿ.

ಉಪಕರಣವನ್ನು ಮೈಗೆ ಒಗ್ಗಿಸುವ ವಿದ್ಯೆಗೆ ಎರ್ಗನಾಮಿಕ್ಸ್ ಎಂದು ಹೆಸರು. ಗ್ರೀಕ್ ಭಾಷೆಯ ದುಡಿಮೆ, ನಿಯಮ ಎಂಬ ಎರಡು ಪದಗಳನ್ನು ಕೂಡಿಸಿ ಇದನ್ನು ೧೮೫೭ರಲ್ಲಿ ರೂಪಿಸಿದವನು ಪೋಲೆಂಡಿನ ಯಸ್ತ್ರೆಂಬೊವ್‌ಸ್ಕಿ. ಕನ್ನಡದಲ್ಲಿ ದಕ್ಷತಾಶಾಸ್ತ್ರ ಎಂಬ ಅನುವಾದ ಬಳಕೆಯಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ದಕ್ಷತೆ ಯಾರ ಲಾಭಕ್ಕೆ ಎಂಬ ಪ್ರಶ್ನೆಗೆ ಆ ಪದ ಮೊದಲೇ ಮಾಲೀಕನ ಪರವಾಗಿ ಉತ್ತರ ಕೊಟ್ಟಂತಿದೆ.

ಮಗ್ಗ ಬಿಟ್ಟ ಮನೆಗಳ ಮಕ್ಕಳು ಇಂದು ಬೇರೆ ಬೇರೆ ಉದ್ಯೋಗಗಳಲ್ಲಿದ್ದಾರೆ. ೧೯೬೫ರಲ್ಲಿ ಸೇಲಂನಿಂದ ಧರ್ಮಪುರಿ, ೨೦೦೪ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದರೂ, ಹೊಸೂರಿನ ಕಾರ್ಖಾನೆಗಳಿಗೂ ಅಲ್ಲಿಂದಾಚೆ ಬೆಂಗಳೂರಿಗೂ ಈ ಸೀಮೆಯ ತರುಣರು ಹೋಗುವುದು ನಿಂತಿಲ್ಲ. ಐಟಿಐಗಳಲ್ಲಿ ಎರಡು ವರ್ಷ ಶೈತ್ಯೀಕರಣ, ಹವಾನಿಯಂತ್ರಣಗಳ ಕೆಲಸ ಕಲಿತು ಹೊರಬಂದವರು ಅವರಲ್ಲಿದ್ದಾರೆ. ಅವರ ಕೈಯಲ್ಲಿ ಲಾಳಿಯ ಬದಲು ಸ್ಪ್ಯಾನರ್ ಬಂದಿದೆ. ಬೆನ್ನು ಮಾತ್ರ ಅದೇ.

ಹವಾನಿಯಂತ್ರಕವನ್ನು ತಯಾರಿಸುವ ಕೆಲಸ ಹೊರಗಿನಿಂದ ಕಾಣುವಷ್ಟು ಹಗುರವಲ್ಲ. ಕೂದಲಪಿನ್ನಿನಂತೆ ಬಾಗಿಸಿದ ತಾಮ್ರದ ಕೊಳವೆಗಳನ್ನು ಅಲ್ಯೂಮಿನಿಯಂ ರೆಕ್ಕೆಗಳ ಸಾಲಿನೊಳಗೆ ತೂರಿಸಬೇಕು. ಆ ರೆಕ್ಕೆಗಳ ಅಂಚು ಬೆರಳನ್ನು ಸೀಳುವಷ್ಟು ಹರಿತ. ಭಾರವಾದ ಕಂಪ್ರೆಸರನ್ನು ಎತ್ತಿ ತಳಪಾಯದ ಮೇಲೆ ಕೂರಿಸಬೇಕು, ಬೆಂಕಿಯ ಮೊನೆಯಲ್ಲಿ ಕೊಳವೆಗಳನ್ನು ಬೆಸೆಯಬೇಕು, ಒಂದೇ ಬಗೆಯ ತಿರುಪನ್ನು ದಿನಕ್ಕೆ ಎಷ್ಟೋ ಸಲ ಬಿಗಿಯಬೇಕು. ವಿಚಾರವುಳ್ಳ ಕಾರ್ಖಾನೆಗಳು ಇದಕ್ಕೆಲ್ಲ ಉಪಾಯ ಕಂಡುಕೊಂಡಿವೆ. ಕಂಪ್ರೆಸರನ್ನು ಎತ್ತಲು ರಾಟೆ, ಎತ್ತರವನ್ನು ಏರಿಸಿ ಇಳಿಸಬಹುದಾದ ಮೇಜು, ಯಂತ್ರವನ್ನೇ ಕೆಲಸಗಾರನ ಕಡೆ ತಿರುಗಿಸುವ ಪೀಠ, ಕೈಗೆ ಭಾರ ಬೀಳದಂತೆ ಮೇಲಿನಿಂದ ತೂಗುಹಾಕಿದ ತಿರುಪುಯಂತ್ರ: ಇವು ಯಾವುವೂ ಮಹಾ ಸಂಶೋಧನೆಗಳಲ್ಲ. ನಮ್ಮ ಬಾವಿಗಳಿಗೆ ರಾಟೆಯನ್ನು ಹಾಕಿದವರಿಗೆ ತಿಳಿದಿದ್ದ ವಿವೇಕವೇ ಇಲ್ಲಿಯೂ ಇರುವುದು.

ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಆ ವಿವೇಕ ಎಲ್ಲಿ ಹೋಗುತ್ತದೆ? ಒಂದೂವರೆ ಟನ್ನಿನ ಯಂತ್ರದ ಹೊರಘಟಕ ಸಾಮಾನ್ಯವಾಗಿ ೩೦ ಕಿಲೋ ಆಸುಪಾಸು ತೂಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆಯು ೧೯೯೧ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲಗಳೂ ಇರುವಾಗ ಎತ್ತಬಹುದಾದ ಭಾರದ ಮಿತಿಯೇ ೨೩ ಕಿಲೋ. ಭಾರ ಮೈಯಿಂದ ದೂರವಾದಷ್ಟೂ, ಸೊಂಟ ತಿರುಚಿದಷ್ಟೂ ಆ ಮಿತಿ ಇಳಿಯುತ್ತದೆ. ನಮ್ಮ ಊರಿನ ಕೆಲಸಗಾರ ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ, ಕಿಟಕಿಯಿಂದ ಹೊರಚಾಚಿ, ಅಡಿಯಗಲವೂ ಇಲ್ಲದ ಕಟ್ಟೆಯ ಮೇಲೆ ನಿಂತು ಬಿಗಿಯುತ್ತಾನೆ. ವರ್ಷ ಕಳೆದ ಮೇಲೆ ಶುಚಿಮಾಡಲು ಅದೇ ಕಟ್ಟೆಗೆ ಮರಳುತ್ತಾನೆ. ಒಳಘಟಕವನ್ನು ಸೂರಿಗೆ ತಾಗುವಂತೆ ಕೂರಿಸಿದ್ದರೆ ಏಣಿಯ ಮೇಲೆ ನಿಂತು ತೋಳನ್ನು ತಲೆಯ ಮೇಲೆತ್ತಿ ಗಂಟೆಗಟ್ಟಲೆ ದುಡಿಯಬೇಕು. ಆ ಕಟ್ಟೆಯ ಅಗಲವನ್ನು ನಿಶ್ಚಯಿಸಿದವರು ಯಾರು? ಯಂತ್ರ ತಯಾರಿಸಿದವರಲ್ಲ. ಮನೆಯ ಮುಂಭಾಗದ ಅಂದ ಕೆಡಬಾರದೆಂದು ಹೊರಘಟಕವನ್ನು ಕಾಣದ ಮೂಲೆಗೆ ತಳ್ಳಿದ ನಾವು, ಅದಕ್ಕೆ ತಲೆದೂಗಿದ ನಮ್ಮ ಎಂಜಿನಿಯರು. ನೀತಿಯ ಪ್ರಶ್ನೆ ಇಲ್ಲಿ ಕಾರ್ಖಾನೆಯಿಂದ ಇಳಿದು ನಮ್ಮ ಮನೆಯ ನಕ್ಷೆಯೊಳಗೆ ಬಂದು ಕೂರುತ್ತದೆ.

ಹಿರಿಯರು ಇದಕ್ಕೆ ಒಂದು ಆಕ್ಷೇಪ ಎತ್ತುತ್ತಾರೆ. ಕಷ್ಟಸಹಿಷ್ಣುತೆಯೂ ಒಂದು ಗುಣವಲ್ಲವೇ, ಎಲ್ಲವನ್ನೂ ಸುಲಭ ಮಾಡಿದರೆ ಕಸುಬಿನ ಸತ್ತ್ವ ಉಳಿಯುತ್ತದೆಯೇ ಎಂದು. ಇದನ್ನು ತಳ್ಳಿಹಾಕಲಾಗದು. ಅಂಚು ಸೆರಗುಗಳ ವಿನ್ಯಾಸವನ್ನು ಕೂಡಿಸುವುದು ಕಷ್ಟ. ಆ ಕಷ್ಟ ಬಟ್ಟೆಯೊಳಗೆ ಹೋಗಿ ಚೆಲುವಾಗಿ ಉಳಿಯುತ್ತದೆ. ಅನಿಲ ಎಲ್ಲಿ ಸೋರುತ್ತಿದೆ ಎಂಬುದನ್ನು ಸದ್ದು, ಎಣ್ಣೆಯ ಕಲೆಗಳಿಂದ ಊಹಿಸುವುದೂ ಅಂಥದೇ ಕಷ್ಟ. ಆದರೆ ನೇಕಾರನ ಸೊಂಟನೋವಿನಿಂದ ಸೀರೆಯ ಒಂದು ಎಳೆಯೂ ಹೆಚ್ಚು ಚೆಂದವಾಗುವುದಿಲ್ಲ. ಕೆಲಸಗಾರ ಕಟ್ಟೆಯ ಮೇಲೆ ಜೀವ ಬಿಗಿಹಿಡಿದು ನಿಂತದ್ದರಿಂದ ನಮ್ಮ ಕೋಣೆ ಅರ್ಧ ಡಿಗ್ರಿಯೂ ಹೆಚ್ಚು ತಂಪಾಗುವುದಿಲ್ಲ. ಮೊದಲನೆಯದು ಕಸುಬಿನ ಕಷ್ಟ, ಎರಡನೆಯದು ಬೇರೆಯವರ ಅಲಕ್ಷ್ಯದಿಂದ ಬಂದ ಕಷ್ಟ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಹಾರ ಹಾಕುವುದು ನಮಗೆ ಅನುಕೂಲವಾಗಿದೆ. ಎತ್ತರಿಸಿದ ಮಗ್ಗ, ಜಕಾರ್ಡನ್ನು ಎತ್ತಿಕೊಡುವ ಮೋಟಾರು ಬಂದಾಗ ನೇಯ್ಗೆಯ ಕಲೆಯೇನೂ ಅಳಿಯಲಿಲ್ಲ. ೧೯೬೦ರಿಂದ ಕೈಮಗ್ಗದ ತಂತ್ರಜ್ಞಾನ ಸಂಸ್ಥೆಯೊಂದು ಸೇಲಂನಲ್ಲಿಯೇ ಇದೆ. ಕೈಯ ಕಸುಬಿಗೂ ತಂತ್ರದ ನೆರವಿಗೂ ವೈರವಿಲ್ಲವೆಂಬುದಕ್ಕೆ ನಾವು ದೂರ ಹೋಗಬೇಕಿಲ್ಲ.

ಮತ್ತೊಂದು ವಾದ ಇದಕ್ಕಿಂತ ನಯವಾದದ್ದು: ಮೈಗೆ ಒಗ್ಗುವ ಉಪಕರಣ ಕೊಟ್ಟರೆ ಉತ್ಪಾದನೆ ಹೆಚ್ಚುತ್ತದೆ, ರಜೆ ಕಡಿಮೆಯಾಗುತ್ತದೆ, ಆದ್ದರಿಂದ ಕೊಡಿ. ಮಾತು ನಿಜವಿರಬಹುದು. ಆದರೂ ಅದರ ಮೇಲೆ ಭಾರ ಹಾಕಲು ನನಗೆ ಭಯ. ಲೆಕ್ಕ ಒಂದು ದಿನ ತಿರುಗಿಬಿದ್ದು, ನೊಂದ ಕೆಲಸಗಾರನನ್ನು ಬದಲಿಸುವುದೇ ಅಗ್ಗವೆಂದು ಕಂಡರೆ ಮೇಜನ್ನೂ ರಾಟೆಯನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕೇ? ನಮ್ಮ ೧೯೪೮ರ ಕಾರ್ಖಾನೆ ಕಾಯಿದೆ ಈ ಲೆಕ್ಕಕ್ಕೆ ಕಾಯಲಿಲ್ಲ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದಿತು, ನಿಂತು ದುಡಿಯುವವರಿಗೆ ಕೂರಲು ಆಸನವಿರಬೇಕೆಂದಿತು. ಅಂಗಡಿಗಳಲ್ಲಿ ದುಡಿಯುವವರಿಗೆ ಅಷ್ಟು ಸಣ್ಣ ಹಕ್ಕನ್ನು ತಮಿಳುನಾಡು ಕಾನೂನಾಗಿ ಕೊಟ್ಟದ್ದು ೨೦೨೧ರಲ್ಲಿ. ಅಲ್ಲಿಯವರೆಗೆ ತಂಪಾದ ಸೀರೆಯಂಗಡಿಗಳಲ್ಲಿ ನಾವು ಜಮಖಾನದ ಮೇಲೆ ಆರಾಮವಾಗಿ ಕುಳಿತು ಆರಿಸುತ್ತಿದ್ದೆವು; ಸೀರೆ ಬಿಚ್ಚಿ ತೋರಿಸುವ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುತ್ತಿದ್ದರು. ನಮ್ಮಲ್ಲಿ ಎಷ್ಟು ಮಂದಿಗೆ ಅದು ಅಸಹಜವಾಗಿ ಕಂಡಿತ್ತು?

ಮನೆಗೆ ಬಂದು ಹೋಗುವ ಕೆಲಸಗಾರನ ಏಣಿಗೆ ಅಂಥ ಕಾನೂನಿನ ಕಣ್ಣು ತಲುಪುವುದು ಕಷ್ಟ. ಅಲ್ಲಿ ಇರುವುದು ಮನೆಯವರ ಕಣ್ಣು ಮಾತ್ರ. ಸಂಘಸಂಸ್ಥೆಗಳು ಸಭಾಭವನ ಕಟ್ಟುತ್ತಿರುವ, ನಮ್ಮ ಮಕ್ಕಳು ಹೊಸ ಮನೆಗಳಿಗೆ ನಕ್ಷೆ ಬರೆಸುತ್ತಿರುವ ಕಾಲ ಇದು. ವಾಸ್ತುವಿಗಾಗಿ ಬಾಗಿಲನ್ನು ಒಂದು ಗೇಣು ಸರಿಸಲು ಹಿಂಜರಿಯದ ನಾವು, ಹೊರಘಟಕದ ಮುಂದೆ ಒಬ್ಬ ಮನುಷ್ಯ ಎರಡೂ ಪಾದ ಊರಿ ನಿಲ್ಲುವಷ್ಟು ಜಾಗ, ಹಿಡಿದುಕೊಳ್ಳಲು ಒಂದು ಕಬ್ಬಿಣದ ಕಂಬಿ, ಅಲ್ಲಿಗೆ ಹೋಗಲು ಕಿಟಕಿಯ ಬದಲು ಒಂದು ಸಣ್ಣ ಬಾಗಿಲು ಎಂದು ನಕ್ಷೆಯಲ್ಲಿ ಗುರುತು ಹಾಕಿಸಬಹುದು. ಅದಕ್ಕೆ ತಗಲುವ ವೆಚ್ಚ ಗೃಹಪ್ರವೇಶದ ಹೂವಿನ ಅಲಂಕಾರಕ್ಕಿಂತ ಹೆಚ್ಚಾಗಲಾರದು.