ಚಾರ್ಜು ಬಂತೇನ್ರಿ?

ಸುಳ್ಳು ಹೇಳುವುದರಲ್ಲಿ ನಾನು ಪಳಗಿದವನಲ್ಲ. ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದವನಿಗೆ ಸುಳ್ಳು ಹಿಡಿಯುವ ರೂಢಿ ಇರುತ್ತದೆಯೇ ಹೊರತು ಹೇಳುವ ರೂಢಿ ಅಷ್ಟಾಗಿ ಬೆಳೆಯುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ನೀರು ಕುಡಿದು ತಿರುಗಿದ ನಾನು ಕೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಜೇವರ್ಗಿ ಕಡೆಯ ಒಬ್ಬ ಹುಡುಗನ ಅಜ್ಜಿಯಂತೂ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದಳು. ಮೂರನೆಯ ಸಲ ಆಕೆಯೇ ಅವನಿಗೆ ಬುತ್ತಿ ತಂದು ಕೊಟ್ಟು ಹೋದಳು. ಇಂಥ ಸುಳ್ಳುಗಳನ್ನು ಕೇಳಿ ನಕ್ಕು ಬಿಟ್ಟವನಿಗೆ ನಿವೃತ್ತಿಯಾಗಿ ಆರು ವರ್ಷದ ಮೇಲೆ, ಹೊಸ ಫೋನು ಕೈಗೆ ಬಂದ ಮೇಲೆ, ಒಂದು ಸುಳ್ಳು ತಾನಾಗಿ ನಾಲಿಗೆಯ ಮೇಲೆ ಬಂದು ಕೂತಿತು. ಅದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ಫೋನು ಕೊಂಡದ್ದು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ. ಅದಕ್ಕೂ ಮುಂಚೆ ನನ್ನ ಹತ್ತಿರ ಗುಂಡಿ ಒತ್ತುವ ಫೋನಿತ್ತು. ರವಿವಾರ ಚಾರ್ಜಿಗೆ ಹಚ್ಚಿದರೆ ಮುಂದಿನ ಶನಿವಾರದ ತನಕ ಕೇಳುತ್ತಿರಲಿಲ್ಲ. ಅದು ಎಷ್ಟು ಉಳಿದಿದೆ ಎಂದು ಸರಿಯಾಗಿ ಹೇಳುತ್ತಲೂ ಇರಲಿಲ್ಲ; ನಾಲ್ಕು ಕಡ್ಡಿ ತೋರಿಸಿ, ಮೂರು ತೋರಿಸಿ, ಕೊನೆಗೆ ಒಂದು ಸಲ ಕುಂಯ್ ಎಂದು ಕಣ್ಣು ಮುಚ್ಚುತ್ತಿತ್ತು. ಹೊಸದು ಹಾಗಲ್ಲ. ಹಣೆಯ ಮೇಲೆ ನೂರಕ್ಕೆ ಇಷ್ಟು ಎಂದು ಅಂಕಿ ಬರೆದುಕೊಂಡೇ ಹುಟ್ಟಿದೆ. ಅಂಗಡಿಯ ಹುಡುಗ ಬೇರೆ ಕೈಗೆ ಕೊಡುವಾಗಲೇ ಮಂತ್ರ ಹೇಳಿಕೊಟ್ಟ: "ಸರ, ಇಪ್ಪತ್ತಕ್ಕಿಂತ ಕೆಳಗ ಇಳಿಯಾಕ ಬಿಡಬ್ಯಾಡ್ರಿ, ಎಂಬತ್ತರ ಮ್ಯಾಲ ಏರಸಬ್ಯಾಡ್ರಿ, ಬ್ಯಾಟರಿ ಬಾಳ ದಿನ ಬಾಳಿಕಿ ಬರ್ತದ." ಹುಡುಗ ಹೇಳಿದ್ದು ಸುಳ್ಳಲ್ಲ. ಇದರೊಳಗಿರುವ ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಜಪಾನಿನ ಸೋನಿ ಕಂಪನಿಯಿಂದ ಮೊದಲು ಮಾರುಕಟ್ಟೆಗೆ ಬಂತು. ಅದಕ್ಕೆ ದಾರಿ ಮಾಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಈ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ತೀರ ತುಂಬಿದರೂ ಅದಕ್ಕೆ ಸಂಕಟ, ತೀರ ಬರಿದಾದರೂ ಸಂಕಟ. ಬಳಸಿದರೆ ಸವೆಯುತ್ತದೆ, ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಒಳಗೊಳಗೇ ಮುಪ್ಪಾಗುತ್ತದೆ. ಇದನ್ನು ಓದಿ ತಿಳಿದುಕೊಂಡ ದಿನ ನನಗೆ ಅದರ ಮೇಲೆ ಒಂದು ಬಗೆಯ ಅಕ್ಕರೆಯೇ ಹುಟ್ಟಿತು. ನಿವೃತ್ತ ಮಾಸ್ತರನ ಸ್ಥಿತಿಯೂ ಹೆಚ್ಚು ಕಡಿಮೆ ಅದೇ ಅಲ್ಲವೆ?

ಆದರೆ ಆ ಅಂಕಿ ಇದೆಯಲ್ಲ, ಅದು ಮನುಷ್ಯನನ್ನು ಕೆಡಿಸುತ್ತದೆ. ಹಗೇವಿನಲ್ಲಿ ಜೋಳ ಎಷ್ಟು ಉಳಿದಿದೆ ಎಂದು ನಮ್ಮಪ್ಪ ಯಾವತ್ತೂ ನೂರಕ್ಕೆ ಇಷ್ಟು ಎಂದು ಹೇಳಿದ್ದಿಲ್ಲ. "ಯುಗಾದಿ ತನಕ ಬರ್ತದ" ಎನ್ನುತ್ತಿದ್ದ, ಅಷ್ಟೆ. ಬಾಗಿಲಿಗೆ ಬಂದವರಿಗೆ ಮರದ ತುಂಬ ಹಾಕುವಾಗ ಒಂದು ಅಂಕಿ ಕೆಳಗಿಳಿಯುವುದನ್ನು ಅವನು ನೋಡಬೇಕಾಗಿರಲಿಲ್ಲ. ನಾನು ನೋಡುತ್ತೇನೆ. ಐವತ್ತೆರಡು ಇದ್ದದ್ದು ಐವತ್ತೊಂದಾದರೆ ಜೇಬಿನಿಂದ ಯಾರೋ ಎಗರಿಸಿದ ಹಾಗಾಗುತ್ತದೆ.

ಡಾಟಾದ ವಿಷಯದಲ್ಲಿ ಮಾತ್ರ ನಾನು ಇಷ್ಟು ಜಿಪುಣನಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬರುವ ಮುಂಚೆ ಒಂದು ಜಿಬಿಗೆ ಇನ್ನೂರೈವತ್ತರ ಆಸುಪಾಸು ಕೊಟ್ಟು ಅದನ್ನೇ ತಿಂಗಳಿಡೀ ಉಪ್ಪಿನಕಾಯಿಯ ಹಾಗೆ ನಂಜಿಕೊಳ್ಳುತ್ತಿದ್ದ ಜನ ನಾವು. ಈಗ ನನ್ನ ಪ್ಲಾನಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಕರೆಗಳಿಗೆ ಮಿತಿಯಿಲ್ಲ. ಇಪ್ಪತ್ತೆಂಟು ದಿನದ ವಾಯಿದೆ. ಹೀಗಾಗಿ ವರ್ಷಕ್ಕೆ ಹದಿಮೂರು ರಿಚಾರ್ಜು. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಮೂರು ವರ್ಷಕ್ಕೊಮ್ಮೆ ಬಂದರೆ ರಿಚಾರ್ಜಿನ ಪಂಚಾಂಗದಲ್ಲಿ ಪ್ರತಿ ವರ್ಷವೂ ಬರುತ್ತದೆ. (ಮೂವತ್ತು ದಿನದ ಒಂದಾದರೂ ಪ್ಲಾನು ಇಡಿ ಎಂದು 2022ರ ಜನವರಿಯಲ್ಲಿ ಟ್ರಾಯ್ ಕಂಪನಿಗಳಿಗೆ ತಾಕೀತು ಮಾಡಿತು. ಆದರೂ ಅಂಗಡಿಯವನ ಬಾಯಲ್ಲಿ ಮೊದಲು ಬರುವುದು ಇಪ್ಪತ್ತೆಂಟೇ.) ಆ ಒಂದೂವರೆ ಜಿಬಿಯಲ್ಲಿ ನಾನು ಬಳಸುವುದು ಕಾಲುಭಾಗ. ಉಳಿದದ್ದು ನಡುರಾತ್ರಿ ಹನ್ನೆರಡಕ್ಕೆ ಸತ್ತುಹೋಗುತ್ತದೆ. ದುಡ್ಡು ಕೊಟ್ಟು ಕೊಂಡದ್ದು ನನ್ನದು. ಆದರೆ ನಾಳೆಗೆ ನನ್ನದಲ್ಲ. ಉಳಿದ ರೊಟ್ಟಿಯನ್ನು ಬಿಸಿಲಿಗಿಟ್ಟು ಖಡಕ್ ಮಾಡಬಹುದು, ಡಾಟಾವನ್ನು ಒಣಗಿಸುವ ಹಾಗಿಲ್ಲ.

ಅದಕ್ಕೇ ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿಗೆ ಸಂಜೆ ಹೊತ್ತು ಹಾಟ್‌ಸ್ಪಾಟ್ ಹಚ್ಚಿಕೊಡುತ್ತಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಪಾಠ ಕೇಳುತ್ತಿದ್ದಳು, ನಾನು ಒಳಗೆ ದಾನಶೂರ ಕರ್ಣನ ಹಾಗೆ ಕಾಲು ಚಾಚಿ ಕೂಡುತ್ತಿದ್ದೆ. ಅಫಜಲಪುರ ತಾಲೂಕಿನ ಗಾಣಗಾಪುರದ ನೆನಪು ಆಗಾಗ ಬರುತ್ತಿತ್ತು. ಅಲ್ಲಿ ದತ್ತನ ಭಕ್ತರು ಮಧ್ಯಾಹ್ನ ಜೋಳಿಗೆ ಹಿಡಿದು ಮನೆಮನೆಗೆ ಮಧುಕರಿಗೆ ಹೋಗುತ್ತಾರೆ. ಕಾರು ತಂದವನೂ ಹೋಗುತ್ತಾನೆ, ಕಾಲುನಡಿಗೆಯವನೂ ಹೋಗುತ್ತಾನೆ. ಮಧುಕರಿಯ ಕಟ್ಟಳೆ ಎಂದರೆ ಇವತ್ತಿನದು ಇವತ್ತಿಗೆ, ನಾಳೆಗೆ ಕೂಡಿಡಬಾರದು. ಕಂಪನಿಯವರು ತಮಗೇ ಗೊತ್ತಿಲ್ಲದೆ ನನ್ನನ್ನು ಆ ಕಟ್ಟಳೆಗೆ ಒಳಪಡಿಸಿದ್ದಾರೆ ಎಂದು ಸ್ನೇಹಿತರಲ್ಲಿ ಹೇಳಿಕೊಂಡು ಬೀಗಿದ್ದೂ ಉಂಟು. ಹೇಗೂ ಹನ್ನೆರಡಕ್ಕೆ ಸಾಯುವುದನ್ನು ಹತ್ತಕ್ಕೆ ಕೊಟ್ಟದ್ದು ಯಾವ ಸೀಮೆಯ ದಾನ ಎಂದು ಆಗ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವ ಪ್ರಸಂಗ ಜೇವರ್ಗಿಯಲ್ಲಿ ಬಂತು.

ತೊಗರಿ ರಾಶಿ ಮುಗಿಯುತ್ತ ಬಂದಿದ್ದ ದಿನಗಳು. ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಕಾರ್ಯ ಮುಗಿಸಿಕೊಂಡು ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಕಲಬುರಗಿ ಬಸ್ಸಿಗೆ ನಿಂತಿದ್ದೆ. ಪೌಣೆ ಐದು ಆಗಿರಬೇಕು. ಒಬ್ಬ ಮುದುಕಿ ಬಂದಳು. ತಲೆಯ ಮೇಲೆ ಒಂದು ಗಂಟು, ಕಾಲಲ್ಲಿ ಹರಿದ ಹವಾಯಿ ಚಪ್ಪಲಿ. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದಳು.

"ಯಪ್ಪಾ, ಈ ನಂಬರಿಗಿ ಒಂದು ಫೋನ್ ಹಚ್ಚಿಕೊಡ್ರಿ. ನನ್ನ ಮಗ ಕಲಬುರಗ್ಯಾಗ ಗೌಂಡಿ ಕೆಲಸ ಮಾಡ್ತಾನ. ಮನಿ ಬದಲಿ ಮಾಡ್ಯಾನಂತ, ನಾ ನೋಡಿಲ್ಲ. ಸ್ಟ್ಯಾಂಡಿಗಿ ಬಾ ಅಂತ ಹೇಳಬೇಕಿತ್ತು."

ನನ್ನ ಫೋನು 46 ತೋರಿಸುತ್ತಿತ್ತು. ಅದನ್ನು ಆಗಷ್ಟೇ ನೋಡಿ ಜೇಬಿಗೆ ಹಾಕಿಕೊಂಡಿದ್ದೆ. "ಚಾರ್ಜು ಇಲ್ಲವ್ವಾ, ಬಂದಾಗ್ಯಾದ" ಎಂದೆ. ಅಷ್ಟು ಸಲೀಸಾಗಿ, ಮುಖದ ಮೇಲೆ ಅಷ್ಟು ವಿಷಾದ ತಂದುಕೊಂಡು ಹೇಳಿದೆನೆಂದರೆ, ಮೂರು ಸಲ ಅಜ್ಜಿಯನ್ನು ಕೊಂದ ಆ ಹುಡುಗನೂ ನನ್ನ ಕಾಲಿಗೆ ಬೀಳಬೇಕಿತ್ತು. "ಅಯ್ಯ, ಪಾಪ" ಎಂದಳು ಅವಳು. ಪಾಪ ಎಂದದ್ದು ನನ್ನನ್ನು ಕುರಿತು.

ಬಸ್ಸು ಬಂತು. ಅವಳು ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೀಟು ಪಡೆದು ನನ್ನ ಮುಂದಿನ ಸೀಟಿನಲ್ಲೇ ಕೂತಳು. ಕಟ್ಟಿಸಂಗಾವಿ ಹತ್ತಿರ ಭೀಮೆಯ ಸೇತುವೆ ದಾಟಿದೆವೋ ಇಲ್ಲವೋ, ನನ್ನ ಜೇಬಿನೊಳಗಿಂದ ಇಡೀ ಬಸ್ಸಿಗೆ ಕೇಳುವ ಹಾಗೆ ಹಾಡು ಎದ್ದಿತು. ಪುಣೆಯಿಂದ ಮೊಮ್ಮಗನ ವಿಡಿಯೋ ಕಾಲು. ತೆಗೆಯಲಾರೆ, ಬಿಡಲಾರೆ. ಅವಳು ಹೊರಳಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಮುಖ ಅರಳಿಸಿ ಕೇಳಿದಳು:

"ಚಾರ್ಜು ಬಂತೇನ್ರಿ, ಯಪ್ಪಾ?"

ಅವಳ ಊರಲ್ಲಿ ಕರೆಂಟು ಹೋಗುತ್ತದೆ, ಬರುತ್ತದೆ. ಫೋನಿನದೂ ಹಾಗೇ ಇರಬೇಕು ಎಂದುಕೊಂಡಿರಬಹುದು. ಅಥವಾ ಎಲ್ಲ ತಿಳಿದೂ ನನ್ನ ಮಾನ ಉಳಿಸಲಿಕ್ಕೆ ಹಾಗೆಂದಳೋ? ಇವತ್ತಿಗೂ ನನಗೆ ಬಗೆಹರಿದಿಲ್ಲ. "ಹೂಂನವ್ವಾ, ಬಂತು" ಎಂದೆ. ಚೀಟಿ ಇಸಿದುಕೊಂಡು ನಂಬರು ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಸ್ವಿಚ್ ಆಫ್.

ಕಲಬುರಗಿ ತಲುಪುವ ತನಕ ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಲೆಕ್ಕದ ಮಾಸ್ತರನ ಚಟ. ಐದು ಸಾವಿರ ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿ ತುಂಬಲು, ನಡುವೆ ಸೋರುವುದನ್ನೂ ಹಿಡಿದು, ಹೆಚ್ಚೆಂದರೆ ಇಪ್ಪತ್ತೈದು ವ್ಯಾಟ್ ಗಂಟೆ ಬೇಕು. ಅಂದರೆ ಒಂದು ಯೂನಿಟ್ಟಿಗೆ ನಲವತ್ತು ಸಲ ತುಂಬಬಹುದು. ಎರಡು ನಿಮಿಷದ ಕರೆಗೆ ಖರ್ಚಾಗುವ ವಿದ್ಯುತ್ತಿನ ಬೆಲೆ ಒಂದು ಪೈಸೆಯ ಹತ್ತನೆಯ ಒಂದು ಪಾಲೂ ಅಲ್ಲ. ಆ ಪಾಲನ್ನೂ ನಾನು ಕೊಟ್ಟಿರಲಿಲ್ಲ. ನಮ್ಮ ಮನೆ ಗೃಹಜ್ಯೋತಿಯಲ್ಲಿದೆ, 2023ರಿಂದ ಜೆಸ್ಕಾಂ ಬಿಲ್ಲು ಸೊನ್ನೆ ಬರುತ್ತಿದೆ. ಕರೆಗೆ ದುಡ್ಡಿಲ್ಲ, ಕರೆಂಟಿಗೆ ದುಡ್ಡಿಲ್ಲ. ಇನ್ನು 46 ಎಂಬ ಆ ಅಂಕಿಯಾದರೂ ಅಳೆದು ಕಂಡದ್ದೇ? ಅದೂ ಅಲ್ಲ. ಹೊಳೆಯ ನೀರನ್ನು ಕೋಲಿನಿಂದ ಅಳೆದ ಹಾಗೆ ಬ್ಯಾಟರಿಯನ್ನು ಅಳೆಯಲಾಗುವುದಿಲ್ಲ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಎಣಿಸಿ ಫೋನು ಒಂದು ಅಂದಾಜು ಹೇಳುತ್ತದೆ. ಆ ಅಂದಾಜಿಗೆ ನಾನು ಕಾವಲು ಕೂತಿದ್ದೆ.

ನನ್ನ ಪರವಾಗಿಯೂ ಒಂದು ಮಾತುಂಟು, ಬಿಟ್ಟರೆ ಅನ್ಯಾಯವಾಗುತ್ತದೆ. ಈಗಿನ ಫೋನು ಬರೀ ಫೋನಲ್ಲ. ಅದರಲ್ಲಿ ನನ್ನ ಪಿಂಚಣಿಯ ಖಾತೆಯಿದೆ, ತೀರಿಕೊಂಡ ಹೆಂಡತಿಯ ಫೋಟೋಗಳಿವೆ. ಒಟಿಪಿ ಕೇಳಿ ಖಾತೆ ಬರಿದು ಮಾಡುವವರ ಕಥೆ ದಿನವೂ ಪೇಪರಿನಲ್ಲಿ ಬರುತ್ತದೆ. ಅಪರಿಚಿತರ ಕೈಗೆ ತಿಜೋರಿ ಕೊಡು ಎಂದರೆ ಯಾರು ಕೊಡುತ್ತಾರೆ? ಸರಿಯಾದ ಮಾತೇ. ಆದರೆ ಅವಳು ಕೈಗೆ ಕೊಡಿ ಎಂದು ಕೇಳಿರಲಿಲ್ಲ, ಹಚ್ಚಿಕೊಡಿ ಎಂದು ಕೇಳಿದ್ದಳು. ಹಚ್ಚಿ, ಸ್ಪೀಕರ್ ಹಾಕಿ, ನನ್ನ ಕೈಯಲ್ಲೇ ಹಿಡಿಯಬಹುದಿತ್ತು. ಇಸ್ತ್ರಿ ಅಂಗಿಯವನೊಬ್ಬ ಕೇಳಿದ್ದರೆ ಹಾಗೆ ಮಾಡುತ್ತಿದ್ದೆ ಎಂಬ ಗುಮಾನಿ ನನಗಿದೆ. ಈ ಗುಮಾನಿಯ ಮುಂದೆ ಒಟಿಪಿಯ ವಾದ ನಿಲ್ಲುವುದಿಲ್ಲ.

ಒಂದು ಕಾಲದಲ್ಲಿ ನಾವು ಹೀಗಿರಲಿಲ್ಲ ಎಂದು ಹೇಳಿದರೆ ಮುದುಕರ ಹಾಡು ಎನ್ನಬಹುದು. ಆದರೆ ಹಳೆಯ ಲಗ್ನಪತ್ರಿಕೆಗಳನ್ನು ತೆಗೆದು ನೋಡಿ. ನಂಬರಿನ ಮುಂದೆ 'ಪಿ.ಪಿ.' ಎಂದು ಅಚ್ಚಾಗಿರುತ್ತಿತ್ತು. ಅಂದರೆ ಫೋನು ನಮ್ಮದಲ್ಲ, ನೆರೆಯವರದು. ಹಚ್ಚಿದರೆ ಕರೆದು ಕೊಡುತ್ತಾರೆ. ಆಳಂದದಲ್ಲಿ ನಮ್ಮ ಪಿ.ಪಿ. ಇದ್ದದ್ದು ಓಣಿಯ ಕಿರಾಣಿ ಅಂಗಡಿಯಲ್ಲಿ. ನನ್ನ ತಂಗಿಗೆ ಗಂಡು ಒಪ್ಪಿದ ಸುದ್ದಿ ಬಂದದ್ದೂ, ನಮ್ಮಪ್ಪ ಸೊಲ್ಲಾಪುರದ ದವಾಖಾನೆಯಲ್ಲಿ ತೀರಿಕೊಂಡ ಸುದ್ದಿ ಬಂದದ್ದೂ ಅದೇ ಕರಿ ಡಬ್ಬಿಯಿಂದ. ಅಂಗಡಿಯವರು ತಕ್ಕಡಿ ಕೆಳಗಿಟ್ಟು ಓಡಿ ಬರುತ್ತಿದ್ದರು. ಬೇಸರವಾಗುತ್ತಿರಲಿಲ್ಲವೆ? ಆಗುತ್ತಿತ್ತು, ಗೊಣಗುತ್ತಿದ್ದರು. ಗೊಣಗುತ್ತಲೇ ಓಡಿ ಬರುತ್ತಿದ್ದರು.

ಅದೂ ಹೋಗಲಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ದಂಡೆಯ ಊರುಗಳಿಗೆ ನೀರು ನುಗ್ಗಿತಲ್ಲ, ಆಗ ನಮ್ಮ ಬೀಗರ ಊರಲ್ಲಿ ಕರೆಂಟು ಹೋಗಿ ದಿನಗಳೇ ಆಗಿದ್ದವು. ಓಣಿಯವರು ಸೇರಿ ಒಂದು ಏರ್ಪಾಟು ಮಾಡಿಕೊಂಡರಂತೆ. ಎಲ್ಲರ ಫೋನೂ ಬಂದ್, ಒಂದು ಸಲಕ್ಕೆ ಒಂದೇ ಚಾಲೂ. ಅದರಲ್ಲೇ ಇಡೀ ಓಣಿಯ ಬೀಗರು ಬಿಜ್ಜರಿಗೆ ಸುದ್ದಿ. ಅದು ಸತ್ತ ಮೇಲೆ ಮುಂದಿನವನದು. ಅಂಥ ಹೊತ್ತಿನಲ್ಲಿ ಯಾರ ಜೇಬಿನ ಚಾರ್ಜು ಯಾರದು? ನಾನು ಬೀಗರನ್ನು ಹಾಗೆ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. "ಮೊದಲು ಯಾರದು ಖಾಲಿ ಆತು ಅಂತ ಕೇಳ್ತೀರೇನು?" ಎಂದರು.

ಜೇವರ್ಗಿ ಸೀಮೆಯ ಅರಳಗುಂಡಗಿ ಶರಣಬಸವೇಶ್ವರರು ಹುಟ್ಟಿದ ಊರು. ಅವರು ಹೊಲ ಕಾಯಲು ಕೂತವರು ಕವಣೆ ಬೀಸಿ ಹಕ್ಕಿ ಓಡಿಸುವ ಬದಲು ಅವಕ್ಕೆ ನೀರಿಟ್ಟು ತೆನೆ ತಿನ್ನಲು ಬಿಟ್ಟರು ಎಂಬ ಕಥೆಯನ್ನು ನಾನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ. ಹೇಳುವಾಗಲೆಲ್ಲ ಕೊನೆಯ ಭಾಗಕ್ಕೆ, ಅಷ್ಟು ತಿಂದರೂ ರಾಶಿ ಹೆಚ್ಚಾಯಿತು ಎಂಬ ಪವಾಡಕ್ಕೆ, ಒತ್ತು ಕೊಡುತ್ತಿದ್ದೆ. ಮಕ್ಕಳಿಗೆ ಅದೇ ಇಷ್ಟ. ಈಗ ಅನ್ನಿಸುತ್ತದೆ, ಪವಾಡ ಬಿಟ್ಟು ಹೇಳಬೇಕಿತ್ತು. ಹಕ್ಕಿಗಳಿಗೆ ಬಿಟ್ಟದ್ದು ನಡುರಾತ್ರಿ ಕೆಟ್ಟುಹೋಗುವ ಮಾಲಲ್ಲ. ಮನೆಯವರು ವರ್ಷವಿಡೀ ತಿನ್ನಬೇಕಾದ ಜೋಳ. ನನ್ನ ಹಾಟ್‌ಸ್ಪಾಟಿಗೂ ಅದಕ್ಕೂ ಇರುವ ಅಂತರ ನನಗೆ ಬಸ್ಸಿನಲ್ಲಿ ಕೂತು ಹೊಳೆಯಿತು. ಉಳಿಯುವುದನ್ನು ಕೊಡುವಾಗ ಕರ್ಣನಾಗಿದ್ದವನು ಬೇಕಾಗಬಹುದಾದದ್ದನ್ನು ಕೇಳಿದಾಗ ಏನಾದೆ? ಬೇಕಾಗಿತ್ತು ಎಂದೂ ಅಲ್ಲ. ಬೇಕಾಗಬಹುದು ಎಂದಷ್ಟೆ.

ಕಲಬುರಗಿ ಸ್ಟ್ಯಾಂಡಿನಲ್ಲಿ ಇಳಿದಾಗ ಕತ್ತಲಾಗಿತ್ತು. ಇನ್ನೂ ಮೂರು ಸಲ ಹಚ್ಚಿದೆ, ಅದೇ ಉತ್ತರ. ಆಳಂದದ ಬಸ್ಸು ಬಾಗಿಲು ತೆರೆದುಕೊಂಡು ನಿಂತಿತ್ತು. ಮುದುಕಿಯನ್ನು ವಿಚಾರಣೆಯ ಕಿಟಕಿಯ ಹತ್ತಿರ ಕೂಡಿಸಿ, ಅಲ್ಲಿದ್ದವರಿಗೆ ಹೇಳಿ, ಚಹಾ ಕೊಡಿಸಿ, ನಾನು ಬಸ್ಸು ಹತ್ತಿದೆ. "ನೀವು ಹೋಗ್ರಿ ಯಪ್ಪಾ, ಬಸ್ಸು ತಪ್ಪೀತು" ಎಂದು ಅವಳೇ ಹೇಳಿದಳು ಎನ್ನುವುದು ನಿಜ. ಹೇಳದಿದ್ದರೂ ಹತ್ತುತ್ತಿದ್ದೆ ಎನ್ನುವುದೂ ನಿಜ.

ರಾತ್ರಿ ಹತ್ತಕ್ಕೂ ಸ್ವಿಚ್ ಆಫ್. ಮರುದಿನ ಬೆಳಗ್ಗೆ ಆರಕ್ಕೆ ರಿಂಗಾಯಿತು. ಹುಡುಗನ ದನಿ.

"ನಿಮ್ಮವ್ವ ಮನಿ ಮುಟ್ಟ್ಯಾರೇನಪ್ಪಾ?"

"ಮುಟ್ಟ್ಯಾಳ್ರಿ. ನಮ್ಮೂರಂವ ಒಬ್ಬ ಸ್ಟ್ಯಾಂಡಿನಾಗ ನೋಡಿ ಕರಕೊಂಡು ಬಂದ. ಹನ್ನೊಂದಾಗಿತ್ತು. ನೀವು ಚಾರ್ಜು ಇಲ್ಲದ ಫೋನಿನ ಸರ ಏನ್ರಿ? ಅವ್ವ ಹೇಳ್ಯಾಳ, ಚಹಾನೂ ಕುಡಿಸಿದ್ರಂತ."

ನಾನು ಸುಮ್ಮನಿದ್ದೆ. ಅವನೇ ಮುಂದುವರಿಸಿದ.

"ತಪ್ಪು ನಂದೇರಿ ಸರ. ಐದರ ತನಾ ಚಾರ್ಜ್ ಇತ್ತು, ಆಮ್ಯಾಲ ಕೆಲಸದ ಮ್ಯಾಲೇ ಆಫ್ ಆತು. ನೋಡಿಕೋಬೇಕಿತ್ತು ನಾ. ನಿಮಗ ಸುಮ್ನ ತ್ರಾಸ ಆತು."

"ಇರಲಿ ಬಿಡಪ್ಪಾ" ಎಂದೆ.